ಕೋಣ ಬೇಕೋ, ಬೆಕ್ಕು ಬೇಕೋ

ಆ ಗೋದಾಮಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಎಲ್ಲರೂ ಕೂಗುತ್ತಿದ್ದರು. ಒಳ್ಳೆಯ ಸುದ್ದಿಯನ್ನೂ ಕೂಗುತ್ತಿದ್ದರು, ಕೆಟ್ಟ ಸುದ್ದಿಯನ್ನೂ ಕೂಗುತ್ತಿದ್ದರು. ಗುಟ್ಟನ್ನಂತೂ ಪಕ್ಕದ ಬೀದಿಗೆ ಮುಟ್ಟುವ ಹಾಗೆ ಕೂಗಿ, ಯಾರಿಗೂ ಹೇಳ್ಬೇಡ ಎಂದು ಅದಕ್ಕಿಂತ ಜೋರಾಗಿ ಕೂಗುತ್ತಿದ್ದರು. ಹೊಸದಾಗಿ ಸರಕು ತುಂಬಿಸಲು ಬಂದ ಲಾರಿಯವರು ಒಳಗೇನೋ ಹೊಡೆದಾಟ ನಡೆದಿದೆ ಎಂದುಕೊಂಡು ಗೇಟಿನಾಚೆಯೇ ಲಾರಿ ನಿಲ್ಲಿಸಿ ಕಾಯುವುದಿತ್ತು. ಹೊಡೆದಾಟವಲ್ಲ, ಎಲ್ಲ ಕೋಣನ ಕೃಪೆ.

ಕೋಣ ಎಂದರೆ ಡೀಸೆಲ್ ಫೋರ್ಕ್‌ಲಿಫ್ಟ್. ನೆಲಕ್ಕೆ ಹಾಸುವ ಟೈಲ್ಸು, ಕೈ ತೊಳೆಯುವ ಬೇಸಿನ್ನು, ಕಮೋಡು ತುಂಬಿದ ಪೆಟ್ಟಿಗೆಗಳನ್ನು ಮುಂದಿನ ಎರಡು ಕಬ್ಬಿಣದ ಕೊಂಬುಗಳ ಮೇಲೆ ಹೊತ್ತು, ತಗಡಿನ ಚಾವಣಿಯ ಕೆಳಗೆ ಬೆಳಗಿನಿಂದ ಸಂಜೆಯವರೆಗೆ ಓಡಾಡುವ ಗಾಡಿ. ಬಂದಾಗ ಹಳದಿ ಬಣ್ಣದ್ದಾಗಿತ್ತಂತೆ, ನೋಡಿದವರು ಹೇಳುತ್ತಿದ್ದರು. ಅದು ಕೆಮ್ಮಿದರೆ ತಗಡು ನಡುಗುತ್ತಿತ್ತು, ತಗಡು ನಡುಗಿದರೆ ಮಹಡಿಯ ಮೇಲಿನ ಆಫೀಸಿನ ಕಿಟಕಿ ನಡುಗುತ್ತಿತ್ತು, ಕಿಟಕಿ ನಡುಗಿದರೆ ಒಳಗೆ ಕೂತ ಯಜಮಾನಮ್ಮ ಫೋನಿನಲ್ಲಿ ಇನ್ನಷ್ಟು ಜೋರಾಗಿ ಕೂಗುತ್ತಿದ್ದರು. ಅವರ ಕೂಗು ಫೋನಿಲ್ಲದೆಯೇ ಗಿರಾಕಿಗೆ ಮುಟ್ಟುತ್ತೆ ಎಂದು ಕೆಳಗಿನವರು ತಮಾಷೆ ಮಾಡುತ್ತಿದ್ದರು. ಆ ತಮಾಷೆಯನ್ನೂ ಕೂಗಿಯೇ ಮಾಡುತ್ತಿದ್ದರು.

ಕೋಣನನ್ನು ಓಡಿಸುವವನು ಫೋರ್ಕಣ್ಣ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಆದರೆ ಆ ಹೆಸರಿನಿಂದ ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಮೀಸೆ ಬೆಳೆಯುವ ಹೊತ್ತಿಗೆ ಆ ಸೀಟಿನ ಮೇಲೆ ಕೂತವನು, ಮೀಸೆ ಬೆಳ್ಳಗಾದರೂ ಇಳಿದಿರಲಿಲ್ಲ. ಎರಡು ಸಾಲು ಬೇಸಿನ್ನುಗಳ ನಡುವೆ ಇಲಿ ನುಸುಳಲು ಯೋಚಿಸುವ ಜಾಗದಲ್ಲಿ ಅವನು ಕೋಣನನ್ನು ನುಗ್ಗಿಸಿ, ತಿರುಗಿಸಿ, ಒಂದು ಗೀರೂ ಆಗದಂತೆ ಹೊರಗೆ ತರುತ್ತಿದ್ದ. ಅದರ ಜಂಬವೂ ಸಾಕಷ್ಟಿತ್ತು. ಯಾರಾದರೂ ಹೊಗಳಿದರೆ ಸಾಲದು, ಎರಡನೇ ಸಲ ಹೊಗಳಲಿ ಎಂದು ಕಾಯುವ ಜಾತಿ.

ಇಂಥ ಫೋರ್ಕಣ್ಣನಿಗೆ ಒಂದು ಗುಟ್ಟಿತ್ತು. ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಪೂರ್ತಿ ಕಿವುಡೇನಲ್ಲ. ಕೋಣ ಕೇಳಿಸುತ್ತಿತ್ತು, ಲಾರಿ ಕೇಳಿಸುತ್ತಿತ್ತು, ಎದುರು ನಿಂತು ಕೂಗಿದರೆ ಕೇಳಿಸುತ್ತಿತ್ತು. ಹಕ್ಕಿ, ಫೋನಿನ ಗಂಟೆ, ಹೆಂಡತಿ ಅಡುಗೆಮನೆಯಿಂದ ಆಡುವ ಮಾತು, ಇವು ಕೇಳಿಸುತ್ತಿರಲಿಲ್ಲ. ಹೆಂಡತಿಯ ಮಾತು ಕೇಳಿಸದಿರುವುದನ್ನು ಮೊದಮೊದಲು ಅವನು ಕಾಯಿಲೆ ಎಂದೇ ಎಣಿಸಿರಲಿಲ್ಲ, ವಯಸ್ಸಾದ ಗಂಡಸಿಗೆ ತಾನಾಗಿ ಒದಗುವ ಸೌಲಭ್ಯ ಎಂದುಕೊಂಡಿದ್ದ. ಆಮೇಲೆ ಒಂದು ದಿನ ಬೀದಿಯಲ್ಲಿ ಬೆನ್ನ ಹಿಂದೆಯೇ ಬಂದು ನಿಂತ ಬೈಸಿಕಲ್ಲಿನವನು ಕೆಕ್ಕರಿಸಿ ನೋಡಿ, ಇಷ್ಟು ಹೊತ್ತು ಬೆಲ್ ಹೊಡೆದೆನಲ್ಲ ಎಂದು ಸನ್ನೆ ಮಾಡಿದಾಗ ಹೆದರಿದ. ಹಲ್ಲುನೋವು ಎಂದು ಮನೆಯಲ್ಲಿ ಸುಳ್ಳು ಹೇಳಿ ಕಿವಿ ಡಾಕ್ಟರ ಹತ್ತಿರ ಹೋದ.

ಡಾಕ್ಟರು ಪರೀಕ್ಷೆ ಮಾಡಿ, "ವರ್ಷಗಟ್ಲೆ ಸದ್ದಿನಲ್ಲಿ ಕೂತಿದ್ದೀರಿ. ಹೋದದ್ದು ವಾಪಸ್ ಬರಲ್ಲ. ಉಳಿದಿರೋದನ್ನ ಉಳಿಸ್ಕೊಳ್ಳಿ, ಕಿವಿಗೆ ಮೆಷಿನ್ ಹಾಕ್ಕೊಳ್ಳಿ," ಎಂದರು.

ಕಿವಿಗೆ ಮೆಷಿನ್ ಹಾಕಿಕೊಂಡವನನ್ನು ಕೊಂಬಿನ ಮೆಷಿನ್ನಿನ ಮೇಲೆ ಯಾರು ಕೂರಿಸುತ್ತಾರೆ? ಪಕ್ಕದ ಗೋದಾಮಿನ ಚಾಲಕನಿಗೆ ಕಣ್ಣು ಮಂಜಾಯಿತೆಂದು ಅವನನ್ನು ಸೀಟಿನಿಂದ ಇಳಿಸಿ ಗೇಟಿನ ಬಳಿ ಒಂದು ಸ್ಟೂಲು ಕೊಟ್ಟಿದ್ದರು. ಬಂದ ಲಾರಿಗೆ ಕೈ ಎತ್ತುವುದು, ಹೋದ ಲಾರಿಗೆ ಕೈ ಇಳಿಸುವುದು, ಇಷ್ಟೇ ಅವನ ಕೆಲಸ. ಫೋರ್ಕಣ್ಣ ಅವನನ್ನು ಕಂಡಾಗಲೆಲ್ಲ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ. ಡಾಕ್ಟರ ಚೀಟಿಯನ್ನು ಹರಿದು ಚರಂಡಿಗೆ ಹಾಕಿ, ಹಲ್ಲುನೋವು ವಾಸಿಯಾಯಿತು ಎಂದು ಮನೆಗೆ ಬಂದ.

ಅಂದಿನಿಂದ ಅವನು ಕೆಲವು ಉಪಾಯ ಕಲಿತುಕೊಂಡ. ಮಾತಾಡುವವರ ತುಟಿ ನೋಡುವುದು ಒಂದು. ಬೇರೆಯವರು ಬಾಯಿ ತೆರೆಯುವ ಮೊದಲೇ ತಾನು ಶುರುಮಾಡಿ, ಅವರು ಸುಸ್ತಾಗುವ ತನಕ ನಿಲ್ಲಿಸದಿರುವುದು ಇನ್ನೊಂದು. ಎರಡೂ ಕೈಕೊಟ್ಟರೆ ಕೊನೆಯ ಅಸ್ತ್ರವಾಗಿ, "ಅದೇ ನಾನೂ ಹೇಳೋದು," ಎಂದುಬಿಡುವುದು. ಹುಟ್ಟಿಗೂ ಸಾವಿಗೂ, ಬೈಗುಳಕ್ಕೂ ಹೊಗಳಿಕೆಗೂ ಆ ಒಂದು ಮಾತು ಸಾಕಾಗುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಆಸರೆ ಎಂದರೆ ಕೋಣ. ಕೋಣ ಗುಟುರು ಹಾಕುವ ತನಕ ಎಲ್ಲರೂ ಕೂಗಲೇಬೇಕು, ಎಲ್ಲರೂ ಒಂದು ಮಾತನ್ನು ಎರಡು ಸಲ ಕೇಳಲೇಬೇಕು. ಅದರ ನೆರಳಿನಲ್ಲಿ ಒಬ್ಬನ ಕಿವುಡು ಎದ್ದು ಕಾಣುತ್ತಿರಲಿಲ್ಲ.

ಅಂಥ ಕೋಣನೇ ಒಂದು ದಿನ ಭಾರ ಎತ್ತಿ ಅರ್ಧ ದಾರಿಯಲ್ಲಿ ನಿಂತು, ಹೊರಲಾರೆ ಎಂಬಂತೆ ಕೊಂಬು ಇಳಿಸತೊಡಗಿತು. ಮಿಸ್ತ್ರಿಯನ್ನು ಕರೆಸಿದರು. ಗೋದಾಮಿನ ಮಿಸ್ತ್ರಿ ಎಂದರೆ ಸಾಮಾನ್ಯನಲ್ಲ, ನಾಡಿ ಮಿಸ್ತ್ರಿ ಎಂದೇ ಹೆಸರುವಾಸಿ. ಬೇರೆಯವರ ಹಾಗೆ ಇಂಜಿನ್ನಿಗೆ ಕಿವಿಗೊಟ್ಟು ಕೂರುವವನಲ್ಲ. ಅಂಗೈ ಇಟ್ಟು, ಕಣ್ಣು ಮುಚ್ಚಿ, ಒಳಗಿನ ರೋಗ ಹೇಳುತ್ತಿದ್ದ. ಅವನು ಕೋಣನ ಮೈಮೇಲೆ ಅಂಗೈಯಿಟ್ಟು ತುಂಬ ಹೊತ್ತು ನಿಂತ.

"ಮುಗೀತು. ಇನ್ನೊಂದು ತಿಂಗಳು ಎಳೆದ್ರೆ ಹೆಚ್ಚು," ಎಂದು ಕೂಗಿದ.

ಯಜಮಾನಮ್ಮ ಫೋರ್ಕಣ್ಣನನ್ನು ಮಹಡಿಗೆ ಕರೆಸಿದರು. ಗಟ್ಟಿ ಹೆಂಗಸು. ಅಪ್ಪ ಬಿಟ್ಟುಹೋದ ಒಂದು ಶೆಡ್ಡನ್ನು ಮೂರು ಮಾಡಿದವರು. "ಹೊಸದು ತಗೋಬೇಕು. ಡೀಸೆಲ್ಲಿಂದೋ ಕರೆಂಟಿಂದೋ, ನೀನೇ ಹೇಳು. ಓಡಿಸೋನು ನೀನು. ನೀನು ಹೇಳಿದ್ದೇ ಆರ್ಡರ್ ಮಾಡ್ತೀನಿ."

ಏನು ಹೇಳಿದರೂ ಬರೆದು ಕೊಡಿ ಎಂದು ಕಾಡುವ ಪಕ್ಕದ ಮೇಜಿನ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, "ಈ ಬೀದಿಯ ಗೋದಾಮಿನೋರೆಲ್ಲ ಕರೆಂಟಿಂದೇ ತಗೊಂಡಿದ್ದಾರೆ. ಹೊಗೆಯಿಲ್ಲ, ಸದ್ದಿಲ್ಲ," ಎಂದು ಕೂಗಿದರು.

ಸದ್ದಿಲ್ಲ ಎಂಬ ಮಾತು ಕಿವಿಗೆ ಬಿದ್ದದ್ದೇ ಫೋರ್ಕಣ್ಣ ಲೆಕ್ಕ ಹಾಕಿದ. ಕೋಣ ಹೋಗಿ ಸದ್ದಿಲ್ಲದ ಗಾಡಿ ಬಂದರೆ ಜನ ಮೆಲ್ಲಗೆ ಮಾತಾಡಲು ಶುರುಮಾಡುತ್ತಾರೆ. ಮೆಲ್ಲಗೆ ಮಾತಾಡಿದರೆ ಎಂಟು ದಿನದಲ್ಲಿ ಇವನ ಬಂಡವಾಳ ಬಯಲಾಗುತ್ತದೆ. ಆಮೇಲೆ ಇದೆಯಲ್ಲ ಸ್ಟೂಲು.

ಅಂದಿನಿಂದ ಫೋರ್ಕಣ್ಣ ಡೀಸೆಲ್ಲಿನ ವಕೀಲನಾದ. ಕರೆಂಟು ಹೋದರೆ ಏನು ಮಾಡ್ತೀರಿ ಎಂದ. ಮಳೆ ಬಂದು ಅಂಗಳದಲ್ಲಿ ನೀರು ನಿಂತರೆ ಬ್ಯಾಟರಿ ಗತಿಯೇನು ಎಂದ. ಡೀಸೆಲ್ ಆದರೆ ಒಂದು ಲೋಟ ಟೀ ಕುಡಿಯುವಷ್ಟರಲ್ಲಿ ತುಂಬಿ ಹೊರಡಬಹುದು, ಇದಕ್ಕೆ ಬಾಣಂತಿಯ ಹಾಗೆ ರಾತ್ರಿಯೆಲ್ಲ ಆರೈಕೆ ಮಾಡಬೇಕು ಎಂದ. ಇಷ್ಟರವರೆಗೆ ಮಾತಿನಲ್ಲಿ ಸ್ವಲ್ಪ ಹುರುಳಿತ್ತು. ಆಮೇಲೆ ಕುದುರೆ ಲಗಾಮು ಕಿತ್ತುಕೊಂಡಿತು. ಹೊಗೆಯಿಂದ ಗೋದಾಮಿನಲ್ಲಿ ಸೊಳ್ಳೆ ಬರುವುದಿಲ್ಲ ಎಂದ. ಸದ್ದಿಗೆ ಕಳ್ಳರು ಹೆದರುತ್ತಾರೆ ಎಂದ. ಹಗಲು ಹೊತ್ತಿನಲ್ಲಿ ಯಾವ ಕಳ್ಳ ಬರ್ತಾನೆ ಎಂದು ಗುಮಾಸ್ತರು ಕೇಳಿದ್ದಕ್ಕೆ, "ನೋಡಿದ್ರಾ, ಒಬ್ಬನೂ ಬಂದಿಲ್ಲ," ಎಂದ.

ಯಜಮಾನಮ್ಮ ನಕ್ಕು, ಎರಡನ್ನೂ ಓಡಿಸಿ ನೋಡಿಯೇ ಹೇಳು ಎಂದರು. ಒಂದು ವಾರ ಪರೀಕ್ಷೆ. ಒಂದು ದಿನ ಕರೆಂಟಿನದು, ಮಾರನೇ ದಿನ ಕೋಣ, ಹೀಗೆ. ವಾರದ ಕೊನೆಯ ಬೆಳಿಗ್ಗೆ ತೀರ್ಮಾನ.

ಕರೆಂಟಿನ ಗಾಡಿ ಬಂತು. ಬಂದದ್ದೇ ಯಾರಿಗೂ ಗೊತ್ತಾಗಲಿಲ್ಲ, ತಿರುಗಿ ನೋಡಿದರೆ ಶೆಡ್ಡಿನ ನಡುವೆ ನಿಂತಿತ್ತು. ಮಿಸ್ತ್ರಿ ಅಲ್ಲೇ ಅದಕ್ಕೆ ಬೆಕ್ಕು ಎಂದು ಹೆಸರಿಟ್ಟ. ಅದರ ಜೊತೆಗೆ ಬಂದ ಮಾರಾಟದವನು ಇಸ್ತ್ರಿ ಮಾಡಿದ ಅಂಗಿಯ, ಮೃದು ಸ್ವಭಾವದ ಮನುಷ್ಯ. ಮಗು ಮಲಗಿರುವ ಮನೆಯಲ್ಲಿ ಮಾತಾಡುವ ಹಾಗೆ ಮಾತಾಡುತ್ತಿದ್ದ. ಅವನು ಬ್ಯಾಟರಿ ತೋರಿಸಿದ, ಬ್ರೇಕು ತೋರಿಸಿದ, ಒಂದೊಂದು ಗುಂಡಿಯನ್ನೂ ಮುಟ್ಟಿ ಮುಟ್ಟಿ ವಿವರಿಸಿದ. ಯಜಮಾನಮ್ಮ ತಲೆಯಾಡಿಸಿದರು, ಗುಮಾಸ್ತರು ತಲೆಯಾಡಿಸಿದರು, ಮಿಸ್ತ್ರಿ ತಲೆಯಾಡಿಸಿದ. ಫೋರ್ಕಣ್ಣನ ಪಾಲಿಗೆ ಅದೆಲ್ಲ ಕೋಣನ ಮುಂದೆ ಬಾರಿಸಿದ ಕಿನ್ನರಿ. ಎಲ್ಲರಿಗೂ ಕೇಳಿಸುತ್ತಿದೆ, ತನಗೊಬ್ಬನಿಗೇ ಇಲ್ಲ ಎಂದು ಒಳಗೊಳಗೇ ಬೆವರುತ್ತ ಅವನು ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದ.

ಸೀಟಿನ ಮೇಲೆ ಕೂತ ಮೇಲೆ ಇನ್ನೊಂದು ಫಜೀತಿಯಾಯಿತು. ಬೆಕ್ಕು ಅವನಿಗೆ ಇಷ್ಟವಾಗಿಬಿಟ್ಟಿತು. ನಡುಕವಿಲ್ಲ, ಮೂಗಿಗೆ ಹೊಗೆಯಿಲ್ಲ, ಬೆರಳು ತೋರಿಸಿದ ಕಡೆಗೆ ಹೋಗುತ್ತದೆ. ಕೋಣನ ಮೇಲೆ ಕೂತು ಕೂತು ಸೊಂಟಕ್ಕೆ ಅಂಟಿಕೊಂಡಿದ್ದ ನೋವು ಮಧ್ಯಾಹ್ನದ ಹೊತ್ತಿಗೆ ಎಲ್ಲಿಗೋ ಹೋಗಿತ್ತು. ಇಷ್ಟವಾದದ್ದು ಮುಖದಲ್ಲಿ ಕಾಣಬಾರದೆಂದು ಅವನು ಹುಬ್ಬು ಗಂಟಿಕ್ಕಿಕೊಂಡೇ ಓಡಿಸಿದ.

ಆಗಲೇ ಅದು ನಡೆದದ್ದು. ಕಮೋಡಿನ ಪೆಟ್ಟಿಗೆಗಳನ್ನು ಇಳಿಸಿ ಫೋರ್ಕಣ್ಣ ಹಿಂದಕ್ಕೆ ಬರುತ್ತಿದ್ದ. ಮಿಸ್ತ್ರಿ ಬೆನ್ನು ಹಾಕಿ ನಿಂತು ಗುಮಾಸ್ತರಿಗೆ ಏನೋ ವಿವರಿಸುತ್ತಿದ್ದ, ಸರಿಯಲಿಲ್ಲ. ಗುಮಾಸ್ತರೂ ಸರಿಯಲಿಲ್ಲ. ಬೆಕ್ಕು ಹೋಗಿ ಮಿಸ್ತ್ರಿಯ ಹಿಂಭಾಗವನ್ನು ಮೆತ್ತಗೆ ಮುಟ್ಟಿತು. ಮಿಸ್ತ್ರಿ ಹೌಹಾರಿ ಗುಮಾಸ್ತರನ್ನು ತಬ್ಬಿಕೊಂಡ, ಇಬ್ಬರೂ ಸೇರಿ ಒಂದು ಬೇಸಿನ್ನಿನ ಪೆಟ್ಟಿಗೆಯ ಮೇಲೆ ಕೂತರು, ಪೆಟ್ಟಿಗೆ ಅಪ್ಪಚ್ಚಿಯಾಯಿತು.

ಗಾಬರಿಗೆ ಮಾರಾಟದವನ ದನಿ ಮೊದಲ ಸಲ ಏರಿತು. "ಹಿಂದಕ್ಕೆ ಬರುವಾಗ ಬೀಪ್ ಹೊಡೀತಾನೇ ಇತ್ತಲ್ಲ ಸರ್. ಯಾಕೆ ಸರಿಯಲಿಲ್ಲ?"

ಮಿಸ್ತ್ರಿ ಗುಮಾಸ್ತರ ಮುಖ ನೋಡಿದ, ಗುಮಾಸ್ತರು ಮಿಸ್ತ್ರಿಯ ಮುಖ ನೋಡಿದರು. ಆಮೇಲೆ ಮಿಸ್ತ್ರಿ, "ಹೌದು ಹೌದು, ಹೊಡೀತಿತ್ತು. ನಾನೇ ಏನೋ ಯೋಚನೇಲಿದ್ದೆ," ಎಂದ. ಗುಮಾಸ್ತರು, "ಚೆನ್ನಾಗೇ ಹೊಡೀತಿತ್ತು," ಎಂದರು. ಮೇಲಿನ ಕಿಟಕಿಯಿಂದ ಯಜಮಾನಮ್ಮ, ಇಲ್ಲಿಗೇ ಕೇಳಿಸ್ತಿತ್ತಲ್ಲ ಎಂದು ಗದರಿದರು. ಫೋರ್ಕಣ್ಣ ಎದುರಿನ ಗುಂಡಿಗಳನ್ನೇ ದಿಟ್ಟಿಸಿದ. ಮಹಡಿಗೆ ಕೇಳಿಸಿದ ಬೀಪು ಸೀಟಿನ ಮೇಲೆ ಕೂತ ತನಗೆ ಕೇಳಿಸಿರಲಿಲ್ಲ. ಆದರೆ ಬಾಯಿ ಬಿಟ್ಟರೆ ಕೆಟ್ಟೆ ಎಂದು, "ನೋಡಿದ್ರಾ? ಸದ್ದಿಲ್ಲದ ಗಾಡಿ ಅಂದ್ರೆ ಸದ್ದಿಲ್ಲದ ಅಪಾಯ. ಕೋಣ ಆಗಿದ್ರೆ ಬೀದಿ ಆಚೆಯಿಂದ್ಲೇ ಸರೀತಿದ್ರು," ಎಂದು ಬಾಣ ಬಿಟ್ಟ. ಎಲ್ಲರೂ ಒಪ್ಪಿಕೊಂಡರು. ಇಷ್ಟು ಬೇಗ ಯಾಕೆ ಒಪ್ಪಿಕೊಂಡರು ಎಂದು ಅವನು ಕೇಳಿಕೊಳ್ಳಲಿಲ್ಲ, ಗೆದ್ದವನು ಅದನ್ನೆಲ್ಲ ಕೇಳಿಕೊಳ್ಳುವುದಿಲ್ಲ.

ವಾರದ ಕೊನೆಗೆ ಮತ್ತೆ ಕೋಣನ ಸರದಿ. ಇಡೀ ದಿನ ಕೂಗಾಡಿ, ನಾಳೆ ಬೆಳಿಗ್ಗೆ ಡೀಸೆಲ್ ಎಂದು ಹೇಳಿ ಮುಗಿಸುವುದು ಎಂದು ನಿಶ್ಚಿಂತೆಯಿಂದ ಫೋರ್ಕಣ್ಣ ಸಂಜೆ ಮನೆಗೆ ಬಂದ. ಕಾಲು ಚಾಚಿ ಟಿವಿ ಮುಂದೆ ಕೂತ. ವಾರ್ತೆ ಓದುವ ಹೆಂಗಸಿನ ಮಾತು ಒಂದೊಂದೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಎಷ್ಟೋ ವರ್ಷದಿಂದ ಅವಳು ಸುಮ್ಮನೆ ಬಾಯಿ ಆಡಿಸುತ್ತಾಳೆ ಎಂದುಕೊಂಡಿದ್ದ, ಇವತ್ತು ಎದುರು ನಿಂತವಳಂತೆ ಮಾತಾಡುತ್ತಿದ್ದಾಳೆ. ಕಿವಿ ವಾಸಿಯಾಗುತ್ತಿದೆಯೋ ಏನೋ ಎಂದು ಅವನ ಮನಸ್ಸು ಕುಣಿಯಿತು. ಪಕ್ಕಕ್ಕೆ ತಿರುಗಿ ನೋಡಿದ. ರಿಮೋಟು ಸೊಸೆಯ ಕೈಯಲ್ಲಿತ್ತು. ಅವಳು ದನಿಯನ್ನು ಇನ್ನೊಂದು ಗೆರೆ ಏರಿಸುತ್ತಿದ್ದಳು.

ಸೊಸೆ ಬಂದು ವರ್ಷ ಕಳೆದಿರಲಿಲ್ಲ. ಮಗ ದೂರದ ದಾರಿಯ ಲಾರಿ ಓಡಿಸುವವನು, ತಿಂಗಳಲ್ಲಿ ಅರ್ಧ ರಸ್ತೆಯ ಮೇಲೆಯೇ. ಸುಮ್ಮನೆ ಮನೆಯಲ್ಲಿ ಕೂತು ಏನು ಮಾಡುತ್ತಾಳೆ ಎಂದು ಫೋರ್ಕಣ್ಣನೇ ಯಜಮಾನಮ್ಮನ ಹತ್ತಿರ ಮಾತಾಡಿ, ಗೋದಾಮಿನ ಗೇಟಿನ ಕಿಟಕಿಯಲ್ಲಿ ಲಾರಿಯವರಿಗೆ ಚೀಟಿ ಕೊಡುವ ಕೆಲಸ ಕೊಡಿಸಿದ್ದ. ಕಿಟಕಿಯ ಎದುರೇ ಸರಕು ತುಂಬುವ ಕಟ್ಟೆ, ಕಟ್ಟೆಯ ಮೇಲೆ ಕೋಣನ ಓಡಾಟ. ಮದುವೆಯಾದ ಹೊಸದರಲ್ಲಿ ಅವಳು ಎಷ್ಟು ಮೆಲ್ಲಗೆ ಮಾತಾಡುತ್ತಿದ್ದಳೆಂದರೆ, ಹುಡುಗಿಗೆ ಮಾತೇ ಬರುವುದಿಲ್ಲವೇನೋ ಎಂದು ಇವನು ಅನುಮಾನಪಟ್ಟಿದ್ದ. ಈಗೀಗ ಅವಳ ಮಾತು ಚೆನ್ನಾಗಿ ಕೇಳಿಸುತ್ತದೆ, ಹುಡುಗಿ ಮನೆಗೆ ಹೊಂದಿಕೊಂಡಳು ಎಂದು ಸಂತೋಷಪಟ್ಟಿದ್ದ.

ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅವಳ ತುಟಿ ಆಡಿತು. ಸೊಸೆ ತಿರುಗಲಿಲ್ಲ. ಹೆಂಡತಿಯ ತುಟಿ ಮತ್ತೆ ಆಡಿತು. ಸೊಸೆ ಆಗಲೂ ತಿರುಗಲಿಲ್ಲ. ಹೆಂಡತಿ ಮುಂದೆ ಬಂದು ಅವಳ ಭುಜ ಮುಟ್ಟಿದಳು. ಸೊಸೆ ಬೆಚ್ಚಿ, ತಲೆಯನ್ನು ಒಂದು ಕಡೆ ವಾಲಿಸಿ, ಅತ್ತೆಯ ತುಟಿಯನ್ನೇ ನೋಡಿ, "ಅದೇ ನಾನೂ ಹೇಳೋದು ಅತ್ತೆ," ಎಂದಳು.

ಹೆಂಡತಿ ಗಂಡನ ಎದುರು ಬಂದು, ಪ್ರತಿ ಅಕ್ಷರವನ್ನೂ ಅಗಿದು ಅಗಿದು ಹೇಳಿದಳು. "ಪಲ್ಯಕ್ಕೆ ಉಪ್ಪು ಹಾಕಿದ್ಯಾ ಅಂತ ಕೇಳಿದ್ದು ನಾನು. ಈ ಮನೇಲಿ ನನಗೆ ಒಬ್ರು ಸಾಕಾಗಿತ್ತು ರೀ."

ಅಂದರೆ ಇವಳಿಗೆ ಗೊತ್ತು. ಹಲ್ಲುನೋವಿನ ಸುಳ್ಳನ್ನು ಅವಳು ಒಂದು ದಿನವೂ ನಂಬಿರಲಿಲ್ಲ. ಆದರೆ ಆ ನಾಚಿಕೆಗೆ ಈಗ ಹೊತ್ತಿರಲಿಲ್ಲ. ಅವನು ಸೊಸೆಯ ಕಡೆ ತಿರುಗಿ ಕಿವಿ ಏನಾಯಿತು ಎಂದು ಕೇಳಿದ.

"ಏನಿಲ್ಲ ಮಾವ," ಎಂದು ಅವಳು ನಕ್ಕಳು. "ಕೋಣ ಓಡಿದ ದಿನ ಸಂಜೆ ಕಿವೀಲಿ ಗುಂಯ್ ಅಂತಿರುತ್ತೆ. ಬೆಳಿಗ್ಗೆ ಎದ್ದಾಗ ಸರಿಹೋಗಿರುತ್ತೆ."

ಫೋರ್ಕಣ್ಣನಿಗೆ ಊಟ ಸೇರಲಿಲ್ಲ. ತನಗೂ ಬೆಳಿಗ್ಗೆ ಸರಿಹೋಗುತ್ತಿತ್ತು. ಎಷ್ಟೋ ವರ್ಷ ಪ್ರತಿ ಸಂಜೆ ಗುಂಯ್ ಎನ್ನುತ್ತಿತ್ತು, ಪ್ರತಿ ಬೆಳಿಗ್ಗೆ ಸರಿಹೋಗುತ್ತಿತ್ತು. ಆಮೇಲೆ ಒಂದು ಬೆಳಿಗ್ಗೆ ಸರಿಹೋಗಲಿಲ್ಲ, ಅದು ಯಾವ ಬೆಳಿಗ್ಗೆ ಎಂಬುದೂ ಅವನಿಗೆ ತಿಳಿಯಲಿಲ್ಲ. ಹುಡುಗಿಯನ್ನು ಕೈಹಿಡಿದು ಆ ಕಿಟಕಿಯಲ್ಲಿ ಕೂರಿಸಿದವನು ತಾನೇ. ನಾಳೆ ಬೆಳಿಗ್ಗೆ ಹೊಸ ಕೋಣನನ್ನು ಅವಳ ಎದುರು ತಂದು ಕಟ್ಟುವವನೂ ತಾನೇ. ಅವಳನ್ನು ಕೆಲಸ ಬಿಡಿಸೋಣ ಎಂದುಕೊಂಡ. ಯಾಕೆ ಎಂದು ಕೇಳಿದರೆ ಏನು ಹೇಳುವುದು? ಅವಳಾದರೂ ಯಾಕೆ ಬಿಡಬೇಕು? ಯಾವ ಕಡೆಯಿಂದ ಯೋಚಿಸಿದರೂ ದಾರಿ ಹೋಗಿ ಆ ಸ್ಟೂಲಿನ ಹತ್ತಿರವೇ ನಿಲ್ಲುತ್ತಿತ್ತು.

ಬೆಳಿಗ್ಗೆ ಮಹಡಿಯ ಆಫೀಸಿನಲ್ಲಿ ಎಲ್ಲರೂ ಸೇರಿದರು. ಕೆಳಗೆ ಕೋಣನನ್ನು ಇನ್ನೂ ಎಬ್ಬಿಸಿರಲಿಲ್ಲ. ಮಾರಾಟದವನು ತನ್ನ ಕೊನೆಯ ಮಾತುಗಳನ್ನು ಅದೇ ಮೃದು ದನಿಯಲ್ಲಿ ಆಡಿದ, ಎಲ್ಲರೂ ಅದೇ ರೀತಿ ತಲೆಯಾಡಿಸಿದರು. ಸೊಸೆ ಸಹಿಗೆಂದು ಲಾರಿ ಚೀಟಿಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಸರಿ ಫೋರ್ಕಣ್ಣ, ಎಲ್ಲ ಕೇಳಿದ್ದಾಯ್ತು. ನಿನ್ನ ತೀರ್ಮಾನ ಹೇಳು," ಎಂದರು ಯಜಮಾನಮ್ಮ.

ಫೋರ್ಕಣ್ಣ ಎದ್ದು ನಿಂತ. ಹುಟ್ಟಿದಾಗಿನಿಂದ ಮೆಲ್ಲಗೆ ಮಾತಾಡಿ ಗೊತ್ತಿಲ್ಲದವನ ದನಿಯನ್ನು ಅವತ್ತು ನಾಚಿಕೆ ಹಿಡಿದು ಕೆಳಗೆ ಎಳೆಯಿತು. ನೆಲ ನೋಡುತ್ತ ಹೇಳಿದ.

"ನನಗೆ ಕಿವಿ ಕೇಳಿಸಲ್ಲ ಅಮ್ಮಾ. ತುಂಬ ವರ್ಷ ಆಯ್ತು, ಮುಚ್ಚಿಟ್ಟಿದ್ದೆ. ಮಾಡಿದ್ದು ಕೋಣನ ಸದ್ದು. ಈ ಮಗೂಗೂ ಅದೇ ಆಗ್ತಿದೆ. ಡೀಸೆಲ್ ಬೇಡ, ಬೆಕ್ಕನ್ನೇ ತಗೊಳ್ಳಿ. ನನ್ನ ಸೀಟಿಗೆ ಕಿವಿ ಇರೋರನ್ನ ಕೂರಿಸಿ."

ಹೇಳಿ ಮುಗಿಸಿ, ಆಕಾಶ ಕಳಚಿ ಬೀಳಲಿ ಎಂದು ಕಾದ. ಬೀಳಲಿಲ್ಲ. ತಲೆ ಎತ್ತಿ ನೋಡಿದರೆ ಯಜಮಾನಮ್ಮ ಗಂಭೀರವಾಗಿ ತಲೆಯಾಡಿಸುತ್ತಿದ್ದರು.

"ಅದೇ ನಾನೂ ಹೇಳೋದು," ಎಂದರು.

"ಅನುಭವಸ್ಥರ ಮಾತು ಅಂದ್ರೆ ಇದು," ಎಂದ ಮಿಸ್ತ್ರಿ.

"ಇಷ್ಟನ್ನೂ ಬರೆದು ಕೊಟ್ಬಿಡು, ಫೈಲಿಗೆ ಹಾಕ್ತೀನಿ," ಎಂದರು ಗುಮಾಸ್ತರು.

"ಹಾಗಾದ್ರೆ ಡೀಸೆಲ್ಲೇ. ಇವತ್ತೇ ಆರ್ಡರ್ ಕೊಟ್ಬಿಡೋಣ," ಎಂದು ಯಜಮಾನಮ್ಮ ಮೇಜು ಕುಟ್ಟಿದರು.

ಮಾರಾಟದವನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಒಬ್ಬ ಮನುಷ್ಯ ಇಷ್ಟು ಹೇಳಿಕೊಂಡರೂ ಕಣ್ಣು ಮಿಟುಕಿಸದ ಕಲ್ಲೆದೆಯವರನ್ನು ಅವನು ಯಾವ ಗೋದಾಮಿನಲ್ಲೂ ಕಂಡಿರಲಿಲ್ಲ. ಫೋರ್ಕಣ್ಣನಿಗೂ ಮೊದಲು ಆದದ್ದು ನೋವೇ. ಬದುಕನ್ನೇ ಕಿತ್ತು ಇವರ ಮೇಜಿನ ಮೇಲಿಟ್ಟರೆ ಫೈಲಿಗೆ ಹಾಕುತ್ತಾರಂತೆ. ಆದರೆ ಯಜಮಾನಮ್ಮ ಆಡಿದ ಮಾತು ಅವನಿಗೆ ಎಲ್ಲೋ ಕೇಳಿದ ಹಾಗಿತ್ತು. ಕೇಳಿದ್ದಲ್ಲ, ಅವನೇ ದಿನಕ್ಕೆ ಹತ್ತು ಸಲ ಹೇಳಿದ್ದು. ಅವನು ಆ ಮುಖಗಳನ್ನು ಒಂದೊಂದಾಗಿ ನೋಡಿದ. ಯಜಮಾನಮ್ಮನ ಕಣ್ಣು ಅವನ ತುಟಿಯ ಮೇಲಿತ್ತು. ಗುಮಾಸ್ತರ ಕಣ್ಣೂ ತುಟಿಯ ಮೇಲೆ. ಮಿಸ್ತ್ರಿಯ ಕಣ್ಣೂ ಅಲ್ಲೇ, ಕೈ ಮಾತ್ರ ಮೇಜಿನ ಮೇಲೆ ಅಂಗೈ ಊರಿಕೊಂಡು ಏನಾದರೂ ನಡುಗುತ್ತದೆಯೇ ಎಂದು ಕಾಯುತ್ತಿತ್ತು.

ಫೋರ್ಕಣ್ಣ ಎದೆ ತುಂಬ ಉಸಿರು ತೆಗೆದುಕೊಂಡ. ಕೋಣ ಪೂರ್ತಿ ಭಾರ ಹೊತ್ತು ಏರು ಹತ್ತುವಾಗ ಯಾವ ದನಿಯಲ್ಲಿ ಕೂಗುತ್ತಿದ್ದನೋ ಆ ದನಿ ತೆಗೆದ.

"ನನಗೆ ಕಿವಿ ಕೇಳಿಸಲ್ಲಾ ಅಂದೆ! ನಾನು ಕಿವುಡ! ಬೆಕ್ಕು ತಗೊಳ್ಳಿ, ಕೋಣ ಬೇಡ!"

ತಗಡಿನ ಮೇಲೆ ಕೂತಿದ್ದ ಪಾರಿವಾಳಗಳು ಎದ್ದು ಹಾರಿದವು. ಅಂಗಳದಲ್ಲಿ ಲಾರಿಯವರು ಟೀ ಲೋಟ ಹಿಡಿದು ಮೇಲೆ ನೋಡಿದರು. ಮರ್ಯಾದೆ ಹೋಗುವುದಿದ್ದರೆ ಅಷ್ಟು ಹೊತ್ತಿಗೆ ನಾಲ್ಕು ಬೀದಿ ದಾಟಿ ಹೋಗಿತ್ತು.

ಯಜಮಾನಮ್ಮ ನಿಧಾನವಾಗಿ ಎದ್ದು ಹೋಗಿ ಕಿಟಕಿ ಮುಚ್ಚಿ ಬಂದರು. ಕೂತರು. "ನಿನಗೊಬ್ಬನಿಗೇ ಅಂದ್ಕೊಂಡಿದ್ದೀಯಾ?" ಎಂದರು. ಆ ಗಟ್ಟಿ ಹೆಂಗಸಿನ ಮುಖ ಸ್ವಲ್ಪ ಕೆಂಪಾಗಿತ್ತು. "ಯಜಮಾನಿಗೆ ಕಿವಿ ಕೇಳ್ಸಲ್ಲ ಅಂತ ಗೊತ್ತಾದ್ರೆ ಗಿರಾಕಿಗಳು ನನ್ನ ಮುಂದೇನೇ ರೇಟು ಮಾತಾಡ್ಕೋತಾರೆ ಅಂತ ಸುಮ್ನಿದ್ದೆ. ಫೋನಲ್ಲಿ ಅವರು ಮಾತಾಡೋದು ಕೇಳಿಸ್ದೇ ಇರೋದಕ್ಕೇ ನಾನು ಬಿಡದೆ ಕೂಗೋದು."

ಗುಮಾಸ್ತರು ಕನ್ನಡಕ ತೆಗೆದು ಒರೆಸಿದರು. ಯಾರು ಏನು ಹೇಳಿದರೂ ಬರೆದು ಕೊಡಿ ಎಂದು ಕಾಡುವುದು ಶಿಸ್ತಿಗಾಗಿ ಎಂದು ಎಲ್ಲರೂ ತಿಳಿದಿದ್ದರು, ಶಿಸ್ತೂ ಇಲ್ಲ ಮಣ್ಣೂ ಇಲ್ಲ, ಕೇಳಿಸದ್ದನ್ನು ಓದಿ ತಿಳಿದುಕೊಳ್ಳಲು ಎಂದು ಅವರು ಒಪ್ಪಿಕೊಂಡರು. ಎಲ್ಲರ ಕಣ್ಣು ಮಿಸ್ತ್ರಿಯ ಕಡೆ ತಿರುಗಿತು.

"ನಾಡಿ ಗೀಡಿ ಏನಿಲ್ಲ," ಎಂದ ಮಿಸ್ತ್ರಿ, ಅಂಗೈಯನ್ನು ಮೇಜಿನಿಂದ ತೆಗೆಯುತ್ತ. "ಇಂಜಿನ್ ಸದ್ದಲ್ಲಿ ಯಾವುದು ಸರಿ, ಯಾವುದು ತಪ್ಪು ಅಂತ ಗೊತ್ತಾಗ್ತಿರ್ಲಿಲ್ಲ. ಕೈಯಿಟ್ರೆ ನಡುಕ ಆದ್ರೂ ತಿಳಿಯುತ್ತೆ. ನೀವೆಲ್ಲ ಹೊಗಳೋಕೆ ಶುರುಮಾಡಿದ್ರಿ, ನಾನೂ ಬೇಡ ಅನ್ಲಿಲ್ಲ."

"ಹಾಗಾದ್ರೆ ಮೊನ್ನೆ ಆ ಬೀಪು?" ಎಂದು ಫೋರ್ಕಣ್ಣ ಕೇಳಿದ.

"ಯಾವ ಬೀಪು?" ಎಂದರು ಮೂವರೂ ಒಟ್ಟಿಗೆ. ಆಮೇಲೆ ನಾಲ್ವರೂ ಮಾರಾಟದವನ ಕಡೆ ತಿರುಗಿದರು. "ನಿಜವಾಗ್ಲೂ ಹೊಡೀತಿತ್ತಾ?" ಎಂದು ಯಜಮಾನಮ್ಮ ಕೇಳಿದರು. ಅವನು ಅಳುವುದೋ ನಗುವುದೋ ತಿಳಿಯದೆ ಹೌದೆಂದು ತಲೆಯಾಡಿಸಿದ. ಮೊದಲು ನಕ್ಕವರು ಗುಮಾಸ್ತರು. ಹಿಂದೆಯೇ ಮಿಸ್ತ್ರಿ, ಆಮೇಲೆ ಯಜಮಾನಮ್ಮ. ಫೋರ್ಕಣ್ಣನಂತೂ ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನೆಲ್ಲ ನಕ್ಕು ಹೊರಗೆ ಹಾಕಿದ.

ನಗು ನಿಂತ ಮೇಲೆ ಮಿಸ್ತ್ರಿ ಒಂದು ನ್ಯಾಯವಾದ ಮಾತೇ ಎತ್ತಿದ. "ಹಾಗಾದ್ರೆ ನಮಗೆ ಬೆಕ್ಕೇ ಅಪಾಯ. ಬಂದ್ರೆ ಯಾರಿಗೂ ಕೇಳ್ಸಲ್ವಲ್ಲ. ಕೋಣ ಆದ್ರೆ ಕೇಳಿಸುತ್ತೆ."

"ಕೇಳ್ಸೋದು ಅದೊಂದೇ ಕಣಯ್ಯ," ಎಂದ ಫೋರ್ಕಣ್ಣ. "ಬಾಕಿ ಎಲ್ಲಾನೂ ಅದೇ ತಿಂದು ಹಾಕಿದೆ. ನಮ್ಮದು ಹೋಯ್ತು, ಹೋಗ್ಲಿ. ಗೇಟಿನ ಕಿಟಕೀಲಿ ಕೂತೋಳಿಗೆ ಇನ್ನೂ ಏನಾದ್ರೂ ಉಳಿದಿದ್ರೆ ಉಳೀಲಿ."

ಮಾರಾಟದವನು ಕುತ್ತಿಗೆಯ ನರ ಉಬ್ಬುವಂತೆ ಕೂಗಿ, ಬೀಪಿನ ಜೊತೆಗೆ ಒಂದು ದೀಪವನ್ನೂ ಹಾಕಿಕೊಡುತ್ತೇವೆ, ಗಾಡಿ ಹೋಗುವ ಮೊದಲೇ ನೆಲದ ಮೇಲೆ ನೀಲಿ ಬೆಳಕು ಹೋಗುತ್ತೆ, ಕಣ್ಣಿದ್ದವರು ಸರಿದರೆ ಸಾಕು ಎಂದ. ಒಂದೇ ವಾರದಲ್ಲಿ ಅವನಿಗೂ ಗೋದಾಮಿನ ಭಾಷೆ ಬಂದಿತ್ತು. ಯಜಮಾನಮ್ಮ ಬೆಕ್ಕಿಗೆ ಆರ್ಡರ್ ಕೊಟ್ಟರು. ಅದು ಬರುವ ತನಕ ಚೀಟಿ ಕೊಡುವ ಮೇಜನ್ನು ಹಿಂಬದಿಯ ಕೋಣೆಗೆ ಸಾಗಿಸಲು ಹೇಳಿದರು. ನಾಳೆ ಗೋದಾಮು ಮುಚ್ಚಿ ಎಲ್ಲರೂ ಕಿವಿ ಡಾಕ್ಟರ ಹತ್ತಿರ ಹೋಗುವುದೆಂದೂ ಆಯಿತು. ಸೀಟಿನ ಮಾತು ಬಂದಾಗ ಯಜಮಾನಮ್ಮ, "ಮೆಷಿನ್ ಹಾಕ್ಕೊಂಡು ಕೇಳಿಸಿದ್ರೆ ಸೀಟು ನಿಂದೇ. ಕೇಳಿಸ್ದೇ ಇದ್ರೆ ನಿನಗೆ ಸುಳ್ಳು ಹೇಳಲ್ಲ ಫೋರ್ಕಣ್ಣ, ಬೇರೆ ಕೆಲಸ ಕೊಡ್ತೀನಿ," ಎಂದರು. ಅವನು ಆಗಲಿ ಎಂದ. ಸ್ಟೂಲಿನ ಭಯ ಪೂರ್ತಿ ಹೋಗಿರಲಿಲ್ಲ, ಆದರೆ ಅದನ್ನು ಒಬ್ಬನೇ ಹೊರುವುದು ತಪ್ಪಿತ್ತು.

ಮೆಟ್ಟಿಲಿಳಿಯುವಾಗ ಸೊಸೆ ಚೀಟಿಗಳನ್ನು ಎದೆಗೊತ್ತಿಕೊಂಡು ಮುಂದೆ ಇಳಿದು, ಅವನಿಗೆ ತನ್ನ ಮುಖ ಕಾಣುವ ಹಾಗೆ ತಿರುಗಿ ನಿಂತಳು. ಅವಳ ಕಣ್ಣು ತುಂಬಿತ್ತು.

"ಎರಡನೇ ಸಲ ಕೂಗಿದ್ದು ಅವರಿಗೆ ಮಾವ," ಎಂದಳು. "ನೀವು ಮೊದಲು ಮೆಲ್ಲಗೆ ಹೇಳಿದ್ರಲ್ಲ, ಅದೇ ನನಗೆ ಪೂರ್ತಿ ಕೇಳಿಸ್ತು. ಒಂದು ಮಾತೂ ತಪ್ಪಲಿಲ್ಲ."

ಫೋರ್ಕಣ್ಣ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ಅವಳ ಮಾತು ಅವನಿಗೂ ಸರಿಯಾಗಿಯೇ ಕೇಳಿಸಿತ್ತು. ಆದರೂ ಕಿವಿಗೆ ಕೈ ಹಿಡಿದು, "ಏನಂದೆ? ಇನ್ನೊಂದ್ಸಲ ಹೇಳಮ್ಮ," ಎಂದ.